ಬಿಟ್ಟ ಕೊಂಬೆಗೆ ಕೂಲಿ

ಜೂನ್ ಮೊದಲ ವಾರ ಬಂತೆಂದರೆ ಹಜೀರಾ ರಸ್ತೆಯ ನಮ್ಮ ಸೊಸೈಟಿಯಲ್ಲಿ ಗರಗಸದ ಸದ್ದು ಶುರು. ಸೂರತ್ ಕಡೆ ಮಳೆ ಹಿಡಿಯುವುದು ಜೂನ್ ನಡುವೆ. ಅದಕ್ಕೆ ಎಂಟು ದಿನ ಇದೆ ಅನ್ನುವಾಗ ಸೊಸೈಟಿಯವರಿಗೆ ಮರಗಳ ನೆನಪಾಗುತ್ತದೆ. ಒಂದು ಟೆಂಪೋ ಬರುತ್ತದೆ. ನಾಲ್ಕು ಜನ ಇಳಿಯುತ್ತಾರೆ. ಒಬ್ಬನ ಕೈಯಲ್ಲಿ ಪೆಟ್ರೋಲ್ ಗರಗಸ, ಇನ್ನೊಬ್ಬನ ಹೆಗಲ ಮೇಲೆ ಹಗ್ಗ, ಉಳಿದಿಬ್ಬರ ಹತ್ತಿರ ಮಚ್ಚು. ಬೆಳಿಗ್ಗೆ ಹಳದಿ ಹೂ ಉದುರಿಸುತ್ತ ನಿಂತಿದ್ದ ಪೆಲ್ಟೋಫೋರಂ ಸಾಲು ಸಂಜೆ ಹೊತ್ತಿಗೆ ಬೋಳು ಕಂಬಗಳ ಸಾಲಾಗಿರುತ್ತದೆ. ಇದಕ್ಕೆ ಗುಜರಾತಿಯಲ್ಲಿ ‘ಛಟಣಿ’ ಅನ್ನುತ್ತಾರೆ. ಕಾರ್ಖಾನೆಯಿಂದ ಜನರನ್ನು ತೆಗೆದುಹಾಕುವುದಕ್ಕೂ ಅದೇ ಪದ. ಹಜೀರಾದಂತಹ ಊರಿನಲ್ಲಿ ಆ ಪದ ಕಿವಿಗೆ ಬಿದ್ದರೆ ಜನ ಮೊದಲು ನೋಡುವುದು ಮರದ ಕಡೆಗಲ್ಲ.

ನಾನು ಸಕಲೇಶಪುರದ ಕಡೆಯವನು. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ನನಗೆ ಅನ್ನ ಹುಟ್ಟಿದ್ದು ಇಲ್ಲಿ, ತಾಪಿ ನದಿ ಖಂಭಾತ್ ಕೊಲ್ಲಿಗೆ ಸೇರುವ ಈ ಉಪ್ಪುಗಾಳಿಯ ಮೂಲೆಯಲ್ಲಿ. ಉಕ್ಕು, ರಸಗೊಬ್ಬರ, ಅನಿಲ, ಬಂದರು ಎಲ್ಲ ಒಂದೇ ಕಡೆ ಒತ್ತಿಕೊಂಡಿರುವ ಜಾಗ. ಹೊಸಬರಿಗೆ ವಿಳಾಸ ಹೇಳುವುದೇ ಒಂದು ತಮಾಷೆ: ವಡೋದರಾದಲ್ಲೂ ಒಂದು ಹಜೀರಾ ಇದೆ, ಅದು ಅಕ್ಬರನ ಕಾಲದ ಗೋರಿ, ಅಹಮದಾಬಾದಿನಲ್ಲಿ ಬಾದಶಾಹನ ಹಜೀರೊ, ರಾಣಿಯ ಹಜೀರೊ ಎಂದು ಎರಡಿವೆ, ಅವೂ ಗೋರಿಗಳೇ. ಜೂನ್ ತಿಂಗಳಲ್ಲಿ ನಮ್ಮ ರಸ್ತೆಯ ಮರಗಳನ್ನು ನೋಡಿದರೆ ಈ ಹಜೀರಾಕ್ಕೂ ಆ ಹೆಸರು ಸಲ್ಲುತ್ತದೆ ಅನ್ನಿಸುತ್ತದೆ.

ಮರ ಕಡಿಯುವವರ ಜೊತೆ ಆಗುವ ವ್ಯಾಪಾರವನ್ನು ನಾನು ಒಮ್ಮೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಒಂದು ಮರಕ್ಕೆ ಎಂಟುನೂರು ರೂಪಾಯಿ, ಸೌದೆ ಅವರದ್ದು. ಸೊಸೈಟಿಯವರು ಚೌಕಾಸಿ ಮಾಡಿ ಐನೂರಕ್ಕೆ ಇಳಿಸಿದರು. ಗುಂಪಿನ ಯಜಮಾನ ಮರ ನೋಡಿದ, ಬುಡದಿಂದ ತುದಿಯವರೆಗೆ ಕಣ್ಣಳತೆ ಮಾಡಿದ, ಒಪ್ಪಿಕೊಂಡ. ಸೊಸೈಟಿಯವರಿಗೆ ಮುನ್ನೂರು ಉಳಿಸಿದ ಖುಷಿ. ಆದರೆ ಆ ಮುನ್ನೂರು ಎಲ್ಲಿಂದ ಬರಬೇಕು? ತೊಡೆ ಗಾತ್ರದ ಇನ್ನೆರಡು ಕೊಂಬೆಯಿಂದ. ಸಣ್ಣ ರೆಂಬೆಗೆ ಬೆಲೆ ಇಲ್ಲ, ಟೆಂಪೋ ತುಂಬುವುದು ದಪ್ಪ ಕೊಂಬೆಯಿಂದ. ಮರಕ್ಕೆ ಯಾವ ಕೊಂಬೆ ಅತಿ ಮುಖ್ಯವೋ ಕಡಿಯುವವನಿಗೂ ಅದೇ ಮುಖ್ಯ. ಕಡಿಮೆ ಕೂಲಿಗೆ ಬಂದವನು ಸೌದೆಗೆ ಬಂದವನು. ಇದು ಅವನ ತಪ್ಪಲ್ಲ, ನಾವು ಮಾಡಿಕೊಂಡ ಕರಾರು ಹಾಗಿದೆ. ಮರದ ಆರೈಕೆಯ ಬಗ್ಗೆ ನನಗೆ ತಿಳಿದಿರುವ ಬಹುಪಾಲು ಸಂಗತಿ ಈ ಒಂದು ಕರಾರಿನ ಸುತ್ತಲೇ ತಿರುಗುತ್ತದೆ.

ಹಾಗೆ ಬೋಳಿಸಿದ ಮರ ಸಾಯಲಿಲ್ಲ. ಸಾಯದಿರುವುದೇ ಎಲ್ಲರನ್ನೂ ಮೋಸಗೊಳಿಸುವುದು. ಎರಡು ಮಳೆಯಲ್ಲಿ ಕಡಿದ ತುದಿಯ ಸುತ್ತ ಪೊರಕೆ ಕಟ್ಟಿದ ಹಾಗೆ ಇಪ್ಪತ್ತು ಮೂವತ್ತು ಚಿಗುರು ನೆಟ್ಟಗೆ ಎದ್ದವು. ‘ನೋಡಿ, ಮೊದಲಿಗಿಂತ ದಟ್ಟವಾಗಿದೆ’ ಎಂದು ಸೊಸೈಟಿಯ ಮೀಟಿಂಗಿನಲ್ಲಿ ಒಬ್ಬರು ಹೆಮ್ಮೆಯಿಂದ ಹೇಳಿದರು. ಮೂರನೆಯ ಮಳೆಗಾಲದಲ್ಲಿ, ಅಂಥ ಜೋರು ಗಾಳಿಯೂ ಇಲ್ಲದ ಒಂದು ರಾತ್ರಿ, ತೋಳಿನಷ್ಟು ದಪ್ಪವಾಗಿದ್ದ ಒಂದು ಚಿಗುರುಗೊಂಬೆ ಬುಡಸಮೇತ ಕಿತ್ತು ಪಕ್ಕದ ಮನೆಯವರ ಕಾರಿನ ಮೇಲೆ ಬಿತ್ತು. ಮರ ಅಪಾಯಕಾರಿ ಎಂದು ತೀರ್ಮಾನವಾಯಿತು. ಮರವನ್ನು ಅಪಾಯಕಾರಿ ಮಾಡಿದ್ದು ಯಾವುದು ಎಂದು ಯಾರೂ ಕೇಳಲಿಲ್ಲ. ನಾನೂ ಆವತ್ತು ಸುಮ್ಮನಿದ್ದೆ.

ಕಾರಣ ಸರಳವಾಗಿದೆ. ಮರಕ್ಕೆ ಅಡುಗೆಮನೆ ಎಲೆ. ತಲೆ ಪೂರ್ತಿ ತೆಗೆದರೆ ಅದಕ್ಕೆ ಉಪವಾಸ. ಹಸಿವಿನ ಗಾಬರಿಯಲ್ಲಿ ಅದು ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಸಕ್ಕರೆಯನ್ನೆಲ್ಲ ಖರ್ಚು ಮಾಡಿ, ತೊಗಟೆಯ ಕೆಳಗೆ ಮಲಗಿರುವ ಮೊಗ್ಗುಗಳನ್ನು ಎಬ್ಬಿಸುತ್ತದೆ. ಸಹಜವಾಗಿ ಬೆಳೆದ ಕೊಂಬೆ ಕಾಂಡದ ಒಳಗಿನವರೆಗೂ ವರ್ಷವರ್ಷದ ಮರದ ಪದರಗಳಿಂದ ಹೆಣೆದುಕೊಂಡಿರುತ್ತದೆ, ಗೋಡೆಯೊಳಗೆ ಹೂತ ತೊಲೆಯ ಹಾಗೆ. ಗಾಬರಿಯ ಚಿಗುರಿಗೆ ಆ ಆಧಾರ ಇಲ್ಲ. ಹೊರಪದರಕ್ಕೆ ಅಂಟಿಕೊಂಡೇ ದಪ್ಪವಾಗುತ್ತದೆ. ಅದರ ಕೆಳಗೆ ಕಡಿದ ಜಾಗ ಬಿಸಿಲು ಮಳೆಗೆ ಕೊಳೆಯುತ್ತ ಹೋಗುತ್ತದೆ. ಮೇಲೆ ಭಾರ ಏರುತ್ತದೆ, ಕೆಳಗೆ ಹಿಡಿತ ಇಳಿಯುತ್ತದೆ. ಕಾರು ಜಖಂ ಆದದ್ದು ಮೂರನೆಯ ವರ್ಷ, ತಪ್ಪು ನಡೆದದ್ದು ಮೊದಲ ವರ್ಷ.

ಮರದ ಗಾಯ ನಮ್ಮ ಗಾಯದ ಹಾಗೆ ಮಾಯುವುದಿಲ್ಲ. ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ. 2006ರಲ್ಲಿ ತೀರಿಕೊಂಡ ಈ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಹಳೆಯ ಗಾಯಗಳ ಒಳಗೆ ಏನಾಗಿದೆ ಎಂದು ನೋಡಿದವರು. ನಮ್ಮ ಚರ್ಮ ಹೊಸ ಜೀವಕೋಶ ತಂದು ಅದೇ ಜಾಗವನ್ನು ತುಂಬಿಸುತ್ತದೆ. ಮರಕ್ಕೆ ಆ ದಾರಿ ಇಲ್ಲ. ಅದು ಕೆಟ್ಟ ಭಾಗದ ಸುತ್ತ ಒಳಗೊಳಗೇ ಗೋಡೆ ಕಟ್ಟಿ, ಅದನ್ನು ಅಲ್ಲೇ ಬಂದಿ ಮಾಡಿ, ಹೊರಗಿನಿಂದ ಹೊಸ ಮರ ಬೆಳೆಸಿಕೊಂಡು ಮುಂದೆ ಹೋಗುತ್ತದೆ. ನೀವು ಹತ್ತು ವರ್ಷದ ಹಿಂದೆ ಬೋರ್ಡು ತೂಗಲು ಹೊಡೆದ ಮೊಳೆ ಇನ್ನೂ ಒಳಗೇ ಇದೆ; ಮರ ಅದನ್ನು ಮರೆತಿಲ್ಲ, ಮುಚ್ಚಿದೆ ಅಷ್ಟೆ. ಆದ್ದರಿಂದ ಗಾಯ ಎಷ್ಟು ಚಿಕ್ಕದೋ ಗೋಡೆ ಕಟ್ಟುವುದು ಅಷ್ಟು ಸುಲಭ. ಹೆಬ್ಬೆರಳಿನ ಗಾತ್ರದ ರೆಂಬೆ ತೆಗೆದ ಗಾಯ ಬೇಗ ಮುಚ್ಚಿಹೋಗುತ್ತದೆ. ತೊಡೆ ಗಾತ್ರದ್ದು ಮುಚ್ಚುವಷ್ಟರಲ್ಲಿ ಅಣಬೆ ಒಳಗೆ ಸಂಸಾರ ಹೂಡಿರುತ್ತದೆ.

ಕಡಿದ ಜಾಗಕ್ಕೆ ಡಾಂಬರು, ಪೇಂಟು, ಸೆಗಣಿ ಬಳಿಯುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ದೊಡ್ಡ ಮರಗಳ ವಿಷಯದಲ್ಲಿ ಈ ಲೇಪಗಳು ಕೊಳೆಯನ್ನು ತಡೆಯುವುದಿಲ್ಲ ಎನ್ನುವುದು ಶೈಗೋ ಅವರ ಕೆಲಸದಿಂದ ಸ್ಪಷ್ಟವಾಯಿತು. ಕೆಲವು ಲೇಪ ತೇವವನ್ನು ಒಳಗೇ ಹಿಡಿದಿಟ್ಟು ಅಣಬೆಗೇ ಉಪಕಾರ ಮಾಡುತ್ತದೆ. ದಾಳಿಂಬೆ, ಮಾವು ಬೆಳೆಯುವವರು ಬೋರ್ಡೋ ಮುಲಾಮು ಹಚ್ಚುತ್ತಾರಲ್ಲ ಎಂದರೆ, ಅದು ಗೊತ್ತಿರುವ ಒಂದು ರೋಗಕ್ಕೆ ಗೊತ್ತಿರುವ ಮದ್ದು, ಅದರ ಲೆಕ್ಕ ಬೇರೆ. ಕನ್ನಡದಲ್ಲೇ ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೊಂದು ಅಧ್ಯಾಯ ಇದೆ. ಗಿಡಮರಗಳನ್ನು ವೈದ್ಯನ ಕಣ್ಣಿನಿಂದ ನೋಡುವುದು ನಮಗೆ ಹೊಸದಲ್ಲ. ಹೊಸದು ಎಂದರೆ ಈ ಗರಗಸ, ಮತ್ತು ಅದರ ವೇಗ.

ಕಡಿಯುವ ಜಾಗದ ಬಗ್ಗೆ ಒಂದು ಮಾತು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ, ತೊಗಟೆ ಸುಕ್ಕುಗಟ್ಟಿದ ಒಂದು ಪಟ್ಟಿ ಇರುತ್ತದೆ. ಅದನ್ನು ಕೊಂಬೆಯ ಕೊರಳು ಅನ್ನೋಣ. ಗೋಡೆ ಕಟ್ಟುವ ಮೇಸ್ತ್ರಿಗಳೆಲ್ಲ ಇರುವುದು ಅಲ್ಲೇ. ಕಾಂಡಕ್ಕೆ ಸಮವಾಗಿ, ನುಣ್ಣಗೆ ಕೊಯ್ದರೆ ಕೊರಳೇ ಹೋಗುತ್ತದೆ. ನೋಡಲು ಚೆಂದ, ಮರಕ್ಕೆ ಕೇಡು. ಮೊಳದುದ್ದ ಮೋಟು ಬಿಟ್ಟರೆ ಅದು ಒಣಗಿ, ಕೊಳೆಯನ್ನು ಒಳಗೆ ಕರೆದುಕೊಂಡು ಹೋಗುವ ಕೊಳವೆಯಾಗುತ್ತದೆ. ಕೊರಳಿಗೆ ತಾಗದೆ, ಅದರ ಹೊರಗೆ ಕೊಯ್ಯಬೇಕು. ಭಾರದ ಕೊಂಬೆಯಾದರೆ ಒಂದೇ ಏಟಿಗೆ ಬೇಡ: ಕಾಂಡದಿಂದ ಒಂದಡಿ ಹೊರಗೆ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ದು, ಅದಕ್ಕಿಂತ ನಾಲ್ಕು ಬೆರಳು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಉಳಿದ ಮೋಟನ್ನು ಕೊನೆಗೆ ಕೊರಳ ಹತ್ತಿರ ತೆಗೆಯಬೇಕು. ಕೆಳಗಿನ ಕೊಯ್ತ ಬಿಟ್ಟರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಬಾಳೆಪಟ್ಟೆ ಸುಲಿದ ಹಾಗೆ ಸುಲಿದುಕೊಂಡು ಹೋಗುತ್ತದೆ. ಮಚ್ಚಿನಿಂದ ಈ ಕೆಲಸ ಆಗುವುದಿಲ್ಲ. ಮಚ್ಚು ಹಿಡಿದು ಬಂದವನನ್ನು ಚಹಾ ಕೊಟ್ಟು ಕಳಿಸಿಬಿಡಬಹುದು.

ಇಷ್ಟೆಲ್ಲ ಓದುವ ಮೊದಲೇ ಹೀಗೆ ಅಳೆದು ಕೊಯ್ಯುವುದನ್ನು ನಾನು ಕಂಡಿದ್ದೆ, ಅದರ ಹಿಂದಿನ ಕಾರಣ ಗೊತ್ತಿರಲಿಲ್ಲ ಅಷ್ಟೆ. ನಮ್ಮ ಕಡೆ ಅದಕ್ಕೆ ಮರಗಸಿ ಅನ್ನುತ್ತಾರೆ. ಕಾಫಿಗೆ ನೆರಳೂ ಬೇಕು, ಬೆಳಕೂ ಬೇಕು. ಮಳೆ ಹಿಡಿಯುವ ಮುನ್ನ ಸಿಲ್ವರ್ ಓಕು, ಹಲಸು, ಅತ್ತಿ, ಹಾಲವಾಣದ ಮೇಲೇರಿ ಬೇಕಾದಷ್ಟೇ ರೆಂಬೆ ತೆಗೆದು ಕೆಳಗಿನ ಗಿಡಕ್ಕೆ ಬೆಳಕು ಬಿಡುವ ಕೆಲಸ ಅದು. ಎಲ್ಲರಿಗೂ ಬರುವುದಿಲ್ಲ. ಮರಗಸಿಯವರಿಗೆ ಎಸ್ಟೇಟಿನಲ್ಲಿ ಬೇರೆ ಕೂಲಿ, ಬೇರೆ ಮರ್ಯಾದೆ. ಅಪ್ಪನ ಎಸ್ಟೇಟಿನಲ್ಲಿದ್ದ ಒಬ್ಬ ಮುದುಕ ಮರದ ಮೇಲಿಂದ ಕೂಗುತ್ತಿದ್ದುದು ನನಗೆ ಈಗಲೂ ಕೇಳಿಸುತ್ತದೆ: ‘ರೈಟ್ರೇ, ಇದೊಂದ್ನ ಬಿಡ್ಲಾ?’ ಕಡೀಲಾ ಎಂದು ಅವನು ಕೇಳಿದ್ದು ನನಗೆ ನೆನಪಿಲ್ಲ. ಅಪ್ಪ ಮೇಲೆ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ‘ಬಿಸ್ಲು ನೆಲದ್ ಮೇಲೆ ಚುಕ್ಕಿ ಇಡ್ಬೇಕು ಕಣೋ, ಕಂಬ್ಳಿ ಹಾಸ್ಬಾರ್ದು’ ಅನ್ನುತ್ತಿದ್ದರು. ಒಂದು ವರ್ಷದಲ್ಲಿ ಮರದ ಎಲೆಯ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ ಎಂದು ಈಗಿನ ವೃತ್ತಿಪರ ನಿಯಮಗಳು ಹೇಳುತ್ತವೆ. ಅಪ್ಪನ ಅಳತೆಗೋಲಿನಲ್ಲಿ ಶೇಕಡಾವಾರು ಇರಲಿಲ್ಲ, ಆದರೆ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ.

ಊರನ್ನು ಹೊಗಳಿಕೊಳ್ಳುವ ಚಟಕ್ಕೆ ಬೀಳಬಾರದು. ಮಲೆನಾಡಿನಲ್ಲೂ ಅಡಿಕೆ ತೋಟಕ್ಕೆ ಸೊಪ್ಪು ಬೇಕೆಂದು ಬೆಟ್ಟದ ಮರಗಳನ್ನು ತುದಿಯಲ್ಲೊಂದು ಕುಚ್ಚು ಬಿಟ್ಟು ಸವರಿಹಾಕಿದ್ದನ್ನು ಉತ್ತರ ಕನ್ನಡದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮರಗಸಿ ಮಾಡುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕ ಸತ್ತ ಸುದ್ದಿ ಕೊಡಗು, ಹಾಸನ, ಚಿಕ್ಕಮಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸೊಸೈಟಿಯಲ್ಲಿ ಬರಿಗಾಲಲ್ಲಿ, ಸೊಂಟಕ್ಕೆ ಹಗ್ಗವೂ ಇಲ್ಲದೆ ತಂತಿಯ ಪಕ್ಕ ನಿಂತು ಕಡಿಯುವ ಹುಡುಗನನ್ನು ನೋಡಿದಾಗಲೆಲ್ಲ ನನಗೆ ಆ ಏಣಿ ನೆನಪಾಗುತ್ತದೆ. ಐನೂರು ರೂಪಾಯಿಯ ಕೆಲಸದಲ್ಲಿ ಹೆಲ್ಮೆಟ್ಟಿಗೆ, ಬೆಲ್ಟಿಗೆ, ವಿಮೆಗೆ ದುಡ್ಡು ಎಲ್ಲಿದೆ? ಮರ ತಂತಿಯ ಹತ್ತಿರ ಇದ್ದರೆ ಮೊದಲು ವಿದ್ಯುತ್ ಕಂಪನಿಗೆ ಹೇಳಿ ಲೈನ್ ಬಂದ್ ಮಾಡಿಸಬೇಕು. ಇದರಲ್ಲಿ ಚೌಕಾಸಿ ಇಲ್ಲ.

ತಂತಿಯ ಕೆಳಗೆ ಅಂಥ ಮರ ಏಕೆ ಬಂತು ಎನ್ನುವುದು ಅದಕ್ಕೂ ಹಿಂದಿನ ಪ್ರಶ್ನೆ. ಎಲ್ಲಿ ಯಾವ ಮರ ನೆಡಬೇಕೆಂದು ಯೋಚಿಸಿ ನೆಟ್ಟವರ ಮಾತು ಬಂದರೆ ನನಗೆ ವಡೋದರಾ ನೆನಪಾಗುತ್ತದೆ. ಸೂರತ್ತಿನಿಂದ ರೈಲಿನಲ್ಲಿ ಎರಡು ಗಂಟೆ. ಊರಿನ ಹೆಸರಿನಲ್ಲೇ ಆಲ ಇದೆ, ವಟವೇ ವಡ. ಇಂಗ್ಲಿಷಿನವರು ಆಲಕ್ಕೆ ಬನಿಯನ್ ಅಂದದ್ದೂ ಗುಜರಾತಿನ ವಾಣಿಯಾ ವ್ಯಾಪಾರಿಗಳಿಂದಲೇ. 1893ರಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರ ಕರೆಗೆ ಒಬ್ಬ ಜರ್ಮನ್ ತೋಟಗಾರ ಈ ಊರಿಗೆ ಬಂದರು. ಡ್ರೆಸ್ಡನ್ ಬಳಿ ಹುಟ್ಟಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಕ್ಯೂ ಉದ್ಯಾನದಲ್ಲಿ ಪಳಗಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬರೋಡಾದ ಉದ್ಯಾನಗಳನ್ನು ನೋಡಿಕೊಂಡಿದ್ದ ಇವರನ್ನು 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ ಲಾಲ್‌ಬಾಗಿಗೆ ಕರೆತಂದಿತು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದವರು ಎಂದು ನಾವು ನೆನೆಯುವುದು ಇವರನ್ನೇ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅಂದರೆ ನಮ್ಮ ರಾಜಧಾನಿಯ ನೆರಳಿಗೆ ಗುಜರಾತಿನ ಒಂದು ಸಾಲ ಇದೆ, ಹದಿನೈದು ವರ್ಷದ ಅನುಭವದ ಸಾಲ.

ಕ್ರುಂಬಿಗಲ್ ಕಾಲದಲ್ಲಿ ರಸ್ತೆ ಅಗಲವಿತ್ತು, ತಂತಿ ಕಡಿಮೆ, ಮರ ಎಷ್ಟು ದೊಡ್ಡದಾಗುತ್ತದೆ ಎಂದು ಯೋಚಿಸಿ ಗುಂಡಿ ತೋಡುವ ವ್ಯವಧಾನ ಇತ್ತು. ಮೂವತ್ತು ನಲವತ್ತು ವರ್ಷದ ಮುಂದಿನ ಗಾತ್ರವನ್ನು ಇವತ್ತೇ ಕಣ್ಣಿಗೆ ತಂದುಕೊಳ್ಳುವುದೇ ನೆಡುವವನ ಮುಖ್ಯ ಕಸುಬು. ಮೂವತ್ತು ನಲವತ್ತರ ನಿವೇಶನದ ಮೂಲೆಯಲ್ಲಿ ಮಳೆಮರ ನೆಟ್ಟವರು ಜೀವಮಾನವಿಡೀ ಗರಗಸದವನಿಗೆ ಸಂಬಳ ಕೊಡುತ್ತಾರೆ. ಅಲ್ಲಿಗೆ ಪಾರಿಜಾತ, ನುಗ್ಗೆ, ಕರಿಬೇವು ಸಾಕು. ಸ್ವಲ್ಪ ಜಾಗ ಹೆಚ್ಚಿದ್ದರೆ ಹೊಂಗೆ. ಗುಲ್ಮೊಹರ್ ನೋಡಲು ಸುಂದರಿ, ಆದರೆ ಬೇರು ಮೇಲುಮೇಲೆ, ಕೊಂಬೆ ಬಹಳ ಪೆಳಸು. ಮನೆಯಿಂದ ದೂರ ಇದ್ದಷ್ಟೂ ಅದರ ಚೆಲುವು ಹೆಚ್ಚು.

ತಪ್ಪು ಮರದ ಕಥೆ ಗುಜರಾತಿನಲ್ಲಿ ಈಚೆಗೆ ದೊಡ್ಡದಾಗಿ ನಡೆಯಿತು. ಅದರ ಹೆಸರು ಕೊನೊಕಾರ್ಪಸ್. ಅಮೆರಿಕದ ಉಷ್ಣವಲಯದ ಕರಾವಳಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಜೊತೆ ಬೆಳೆಯುವ ಇದಕ್ಕೆ ಉಪ್ಪು ಲೆಕ್ಕಕ್ಕಿಲ್ಲ, ಬಿಸಿಲು ಲೆಕ್ಕಕ್ಕಿಲ್ಲ, ದನ ಮುಟ್ಟುವುದಿಲ್ಲ, ವರ್ಷವಿಡೀ ಹಸಿರು. ಹಜೀರಾದಂತಹ ಉಪ್ಪುನೆಲಕ್ಕೆ ದೇವರೇ ಕಳಿಸಿದ ಗಿಡ ಅಂದುಕೊಂಡರು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ರಸ್ತೆ ನಡುವೆ, ಕಾಂಪೌಂಡಿನ ಅಂಚಿಗೆ, ಕಾರ್ಖಾನೆಯ ಬೇಲಿಗೆ ಅದೇ. ನಮ್ಮ ಮನೆಯ ಹಿಂದೆಯೂ ಸಾಲಾಗಿ ಎಂಟಿದ್ದವು. ನೀರು ಹುಡುಕಿಕೊಂಡು ಬೇರು ಚರಂಡಿಗೆ, ಪೈಪಿಗೆ, ಕೇಬಲ್ಲಿಗೆ ನುಗ್ಗತೊಡಗಿದಾಗ, ಹೂವಿನ ಪರಾಗದಿಂದ ಅಲರ್ಜಿ ಎಂಬ ದೂರು ಹೆಚ್ಚಿದಾಗ, 2023ರ ಸೆಪ್ಟೆಂಬರಿನಲ್ಲಿ ಗುಜರಾತಿನ ಅರಣ್ಯ ಇಲಾಖೆ ಇದನ್ನು ನರ್ಸರಿಯಲ್ಲಿ ಬೆಳೆಸುವುದನ್ನೂ ನೆಡುವುದನ್ನೂ ನಿಷೇಧಿಸಿತು. ತೆಲಂಗಾಣ ಅದಕ್ಕೂ ಮೊದಲೇ ಕೈಬಿಟ್ಟಿತ್ತು. ಏನೂ ಆರೈಕೆ ಬೇಡದ ಗಿಡ ಎಂದು ನರ್ಸರಿಯವರು ಹೇಳಿದರೆ ಈಗ ನನ್ನ ಕಿವಿ ನೆಟ್ಟಗಾಗುತ್ತದೆ.

ಇನ್ನು ನೆಲದ ಕೆಳಗಿನ ವಿಚಾರ. ಮರ ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ ಆಳಕ್ಕೆ ಇಳಿದಿರುತ್ತದೆ ಎಂಬ ಕಲ್ಪನೆ ನಮ್ಮೆಲ್ಲರದು. ಹಾಗಿಲ್ಲ. ನೀರು ಕುಡಿಯುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅಡ್ಡಕ್ಕೆ ಮಾತ್ರ ಅವು ಕೊಂಬೆಗಳ ನೆರಳನ್ನು ದಾಟಿ ಎಷ್ಟೋ ದೂರ ಹೋಗಿರುತ್ತವೆ. ತಟ್ಟೆಯ ಮೇಲೆ ನಿಲ್ಲಿಸಿದ ಲೋಟ ಅಂದುಕೊಳ್ಳಿ. ಇದು ನನಗೆ ಅರ್ಥವಾದದ್ದು ತೌಕ್ತೆ ಬಂದಾಗ. 2021ರ ಮೇ ತಿಂಗಳಲ್ಲಿ ನಮ್ಮ ಉಳ್ಳಾಲ, ಮಲ್ಪೆಗಳ ದಡ ಕೊರೆದು ಮೇಲೆ ಹೋದ ಆ ಚಂಡಮಾರುತ 17ರ ರಾತ್ರಿ ಊನಾ ಮತ್ತು ದೀವ್ ನಡುವೆ ನೆಲ ಹತ್ತಿತು. ಕೊಲ್ಲಿಯ ಈಚೆ ದಡದಲ್ಲಿದ್ದ ನಮಗೂ ಅದರ ಸೆರಗು ಬೀಸಿತು. ಬೆಳಿಗ್ಗೆ ಸೊಸೈಟಿಯಲ್ಲಿ ಎಣಿಸಿದೆ, ಹನ್ನೊಂದು ಮರ ಮಲಗಿದ್ದವು. ಅದರಲ್ಲಿ ಎಂಟು ಒಂದೇ ಸಾಲಿನವು, ಹಿಂದಿನ ವರ್ಷ ಪೈಪಿಗೆಂದು ಅಗಳು ತೋಡಿದ ಸಾಲು. ಬುಡದಿಂದ ಎರಡಡಿಯಲ್ಲೇ ಜೆಸಿಬಿ ಹೋಗಿತ್ತು. ಬೇರನ್ನು ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಬದಿ ಪೂರ್ತಿ ಕತ್ತರಿಸಿತ್ತು. ಮೇಲೆ ಎಲೆ ಹಸಿರಾಗಿಯೇ ಇದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಗಾಳಿ ಅಗಳಿನ ಕಡೆಯಿಂದ ಬಂತು. ಗಾಳಿಯ ಕಡೆಯ ಬೇರುಗಳೇ ಗುಡಾರದ ಹಗ್ಗಗಳು. ಹಗ್ಗ ಇಲ್ಲದ ಗುಡಾರಗಳು ಎಲ್ಲ ಒಂದೇ ದಿಕ್ಕಿಗೆ ಬಿದ್ದಿದ್ದವು.

ಮನೆ ಕಟ್ಟುವಾಗ, ಪೈಪು ಹಾಕಿಸುವಾಗ ಮರದ ಬುಡದಿಂದ ಆದಷ್ಟು ದೂರ ತೋಡಿಸುವುದು ಯಾವ ಗೊಬ್ಬರಕ್ಕಿಂತಲೂ ದೊಡ್ಡ ಉಪಕಾರ. ಬೇರೆ ದಾರಿಯೇ ಇಲ್ಲದಿದ್ದರೆ ಬುಡದ ಕೆಳಗೆ ಸುರಂಗದ ಹಾಗೆ ಕೊರೆದು ಪೈಪು ದಾಟಿಸಬಹುದು. ಅಂಗಳಕ್ಕೆಲ್ಲ ಪೇವರ್ ಬ್ಲಾಕ್ ಹಾಸಿ ಕಾಂಡಕ್ಕೆ ಸಿಮೆಂಟಿನ ಕಾಲರ್ ತೊಡಿಸುವ ಹುಚ್ಚು ಸೂರತ್ತಿಗೂ ಹುಬ್ಬಳ್ಳಿಗೂ ಒಂದೇ. ಬೇರಿಗೆ ಉಸಿರು ಬೇಕು. 2013ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ಕಿತ್ತುಹಾಕಿ ಎಂದು ಆದೇಶ ಕೊಟ್ಟದ್ದು ಇದೇ ಕಾರಣಕ್ಕೆ. ಹಾಗಾದರೆ ನಮ್ಮ ಅರಳಿಕಟ್ಟೆ? ಕೇಳಬೇಕಾದ ಪ್ರಶ್ನೆಯೇ. ಅರಳಿ, ಆಲಗಳು ಕಾಂಡದಿಂದಲೂ ಹೊಸ ಬೇರು ಬಿಡುವ ಜಾತಿ. ಹಳೆಯ ಕಟ್ಟೆಗಳು ಕಲ್ಲು ಮಣ್ಣಿನವು, ಒಳಗೆ ನೀರಿಳಿಯುತ್ತಿತ್ತು. ಮಾವು, ಬೇವಿನ ಬುಡಕ್ಕೆ ಎರಡಡಿ ಮಣ್ಣು ಏರಿಸಿ ಗ್ರಾನೈಟ್ ಹೊದಿಸಿದರೆ ಅದು ಕಟ್ಟೆಯಲ್ಲ, ಸಮಾಧಿ.

ಎಲೆಯನ್ನು ಕಸ ಅಂದುಕೊಂಡಿರುವುದೂ ಇದೇ ಸಾಲಿನ ತಪ್ಪು. ನಮ್ಮ ಸೊಸೈಟಿಯ ತೋಟದ ಗುತ್ತಿಗೆಯಲ್ಲಿ ದಿನಾ ಎಲೆ ಗುಡಿಸುವುದು, ವಾರಕ್ಕೊಮ್ಮೆ ಹುಲ್ಲು ಕತ್ತರಿಸುವುದು, ಬೇಲಿ ಗಿಡ ಸಮ ಮಾಡುವುದು ಎಂದಷ್ಟೇ ಬರೆದಿದೆ. ಗುಡಿಸಿದ ಎಲೆ ಗೇಟಿನ ಹೊರಗೆ ಹೋಗುತ್ತದೆ, ಗೇಟಿನ ಒಳಗೆ ದುಡ್ಡು ಕೊಟ್ಟ ಗೊಬ್ಬರ ಬರುತ್ತದೆ. ಊರಲ್ಲಿ ದರಗನ್ನು ಹೊತ್ತು ತಂದು ತೋಟಕ್ಕೆ ಹಾಕುತ್ತಿದ್ದ ಅಮ್ಮ ಇಲ್ಲಿಗೆ ಬಂದಾಗ ಇದನ್ನು ನೋಡಿ ಮೊದಲ ದಿನವೇ ಕೇಳಿದ್ದರು, ‘ಇವ್ರಿಗೆ ತಲೆ ನೆಟ್ಟಗಿದ್ಯೇನೋ?’ ಬುಡದ ಸುತ್ತ ನಾಲ್ಕು ಬೆರಳು ದಪ್ಪ ತರಗು ಹರಡಿದರೆ ಇಲ್ಲಿಯ ಮೇ ಬಿಸಿಲಿಗೂ ಕಡಿಮೆ ನೀರು ಸಾಕು. ಕಾಂಡಕ್ಕೆ ತಾಗಿಸಬಾರದು, ತಾಗಿದರೆ ತೊಗಟೆ ಕೊಳೆತು ಗೆದ್ದಲು ಏರುತ್ತದೆ. ನೀರು ಕೊಡುವುದೂ ಅಷ್ಟೇ. ಹುಲ್ಲಿಗೆ ದಿನಾ ಚಿಮುಕಿಸುವ ನೀರು ಮರದ ಬೇರನ್ನು ಮೇಲಕ್ಕೇ ಕರೆಯುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಪಾತಿ ತುಂಬ ನಿಧಾನವಾಗಿ ಇಂಗಿಸಿದ ನೀರು ಕೆಳಕ್ಕೆ ಎಳೆಯುತ್ತದೆ. ಸೂರತ್, ವಡೋದರಾದ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಧಾರವಾಡ, ವಿಜಯಪುರದವರಿಗೆ ಅದರ ಸ್ವಭಾವ ಗೊತ್ತು. ಆ ಬಿರುಕು ಎಳೆ ಬೇರುಗಳನ್ನು ಹರಿಯುತ್ತದೆ. ತರಗಿನ ಹೊದಿಕೆ ಅದಕ್ಕೂ ಮದ್ದು.

ಮನೆಯವರು ತಾವೇ ನೋಡಿಕೊಳ್ಳಬಹುದಾದ ಗುರುತುಗಳು ಕೆಲವಿವೆ. ಹುಟ್ಟಿನಿಂದ ವಾಲಿದ ಮರಕ್ಕೆ ಹೆದರಬೇಕಿಲ್ಲ. ಈ ವರ್ಷ ಹೊಸದಾಗಿ ವಾಲಿ, ಬುಡದ ಒಂದು ಬದಿ ಮಣ್ಣು ಬಿರುಕು ಬಿಟ್ಟಿದ್ದರೆ ಅದು ತುರ್ತು. ಬುಡದಲ್ಲಿ ಹಲಗೆಯಂಥ ಅಣಬೆ ಕಾಣಿಸಿತು ಅಂದರೆ ಒಳಗೆ ಬೇರು ಕೊಳೆತು ಕಾಲವಾಗಿದೆ. ಅಡಿಕೆ, ತೆಂಗಿನವರಿಗೆ ಅಣಬೆ ರೋಗದ ಪರಿಚಯ ಇದ್ದೇ ಇದೆ. ಎರಡು ದಪ್ಪ ಕೊಂಬೆಗಳು ಇಕ್ಕಳದ ಹಾಗೆ ಕಿರಿದಾಗಿ ಕವಲೊಡೆದು, ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಆ ಕವಲು ಒಂದು ದಿನ ಸೀಳುತ್ತದೆ. ಗಿಡ ಹುಡುಗನಾಗಿದ್ದಾಗಲೇ ಒಂದನ್ನು ತೆಗೆದಿದ್ದರೆ ಕತ್ತರಿಯಲ್ಲಿ ಮುಗಿಯುವ ಕೆಲಸ. ಮಾವಿನ ಮೇಲೆ ಬಂದಳಿಕೆ ಕಂಡ ವರ್ಷವೇ ಅದು ಹತ್ತಿದ ರೆಂಬೆ ಸಮೇತ ತೆಗೆಯಬೇಕು, ಬರೀ ಸೊಪ್ಪು ಕಿತ್ತರೆ ಮತ್ತೆ ಬರುತ್ತದೆ. ಪೊಳ್ಳಾದ ಮರವೆಲ್ಲ ಬೀಳುವ ಮರವಲ್ಲ. ಕೊಳವೆಯೂ ಗಟ್ಟಿಯೇ, ಗೋಡೆ ಸಾಕಷ್ಟು ದಪ್ಪ ಇರಬೇಕು. ಅದನ್ನು ಅಳೆದು ಹೇಳುವವರು ಬೇಕು. ಬೆಂಗಳೂರಿನಲ್ಲಿ ವೃಕ್ಷವೈದ್ಯ ಎಂದೇ ಹೆಸರಾದ ವಿಜಯ್ ನಿಶಾಂತ್ ಅಂಥವರಿದ್ದಾರೆ. ಉಳಿದ ಊರುಗಳಲ್ಲಿ ತೋಟಗಾರಿಕೆ ಕಾಲೇಜಿನವರನ್ನೋ ಅರಣ್ಯ ಇಲಾಖೆಯವರನ್ನೋ ಹುಡುಕಬೇಕು. 2018ರಲ್ಲಿ ತೆಲಂಗಾಣದ ಮಹಬೂಬನಗರದ ಪಿಲ್ಲಲಮರ್ರಿ ಎಂಬ ಹಳೆಯ ಆಲಕ್ಕೆ ಗೆದ್ದಲು ಹಿಡಿದಾಗ ಆಸ್ಪತ್ರೆಯ ಸಲೈನ್ ಬಾಟಲಿಯ ಹಾಗೆ ಸಾಲಾಗಿ ಬಾಟಲಿ ತೂಗಿಸಿ ತೆಳುವಾದ ಕೀಟನಾಶಕ ಇಳಿಸಿದ್ದರು, ಬಿಳಲುಗಳಿಗೆ ಆಸರೆ ಕಟ್ಟಿದ್ದರು. ಮನಸ್ಸಿದ್ದರೆ ಇಷ್ಟು ಮಾಡಲು ಬರುತ್ತದೆ.

ಇಡೀ ಮರವನ್ನೇ ತೆಗೆಯಬೇಕೆಂದರೆ ಅಂಗಳ ನಿಮ್ಮದಾದರೂ ಅಪ್ಪಣೆ ಬೇಕು. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಗೆ ಅರ್ಜಿ ಹಾಕಬೇಕು. ಗುಜರಾತಿನ ನಗರಗಳಲ್ಲೂ ಕೊಡಲಿ ಎತ್ತುವ ಮೊದಲು ಪಾಲಿಕೆಯ ಉದ್ಯಾನ ವಿಭಾಗವನ್ನು ಕೇಳಬೇಕು.

ಕಾರಿನ ಪ್ರಸಂಗ ಆದ ಮೇಲೆ ನಮ್ಮ ಅಂಗಳದ ಬೇವಿನ ಮಟ್ಟಿಗಾದರೂ ನಾನು ಕರಾರು ಬದಲಿಸಿದೆ. ಸೊಸೈಟಿಯ ಮಾಳಿ ಕಾಕಾನ ಮಗ ಒಂದು ನರ್ಸರಿಯಲ್ಲಿ ಹಗ್ಗ ಕಟ್ಟಿ ಏರುವುದನ್ನು ಕಲಿತಿದ್ದ. ಅವನಿಗೆ ಹೇಳಿದೆ: ‘ದಿನಗೂಲಿ ಮೂರು ಸಾವಿರ, ಸೌದೆ ನನ್ನದು.’ ಕಾಕಾ ನನ್ನ ಮುಖ ನೋಡಿದರು. ಇಷ್ಟು ದುಡ್ಡು ಕೊಟ್ಟು ಸೌದೆಯನ್ನೂ ಇಟ್ಟುಕೊಳ್ಳುವ ಈ ಸಾಹೇಬ ಭಾರಿ ಕಂ‌ಜೂಸೋ, ಪೂರ್ತಿ ಹುಚ್ಚನೋ ತೀರ್ಮಾನಿಸಲು ಅವರಿಗೆ ಕಷ್ಟವಾದಂತಿತ್ತು. ಒಣಗಿದ್ದು, ಒಂದಕ್ಕೊಂದು ಉಜ್ಜುತ್ತಿದ್ದುದು, ಛಾವಣಿಗೆ ತಾಗುತ್ತಿದ್ದ ಎರಡು, ಇಷ್ಟನ್ನೇ ಸುಣ್ಣದಲ್ಲಿ ಗುರುತು ಮಾಡಿ ತೋರಿಸಿದ್ದೆ. ಸಂಜೆ ಬಿದ್ದ ರೆಂಬೆಗಳನ್ನು ಒಟ್ಟುಮಾಡಿದರೆ ಒಂದು ತಳ್ಳುಗಾಡಿ ತುಂಬಲಿಲ್ಲ. ಪಕ್ಕದ ಮನೆಯವರು ಬಂದು ಮರ ನೋಡಿ, ‘ಕೆಲಸ ನಾಳೆ ಶುರುವೇ?’ ಎಂದು ಕೇಳಿದರು.

ಅದು ಫೆಬ್ರುವರಿ, ಬೇವು ಎಲೆ ಉದುರಿಸಿ ಹೊಸ ಚಿಗುರಿಗೆ ಕಾಯುವ ಕಾಲ. ಕೊಂಬೆಯ ಅಸ್ಥಿಪಂಜರ ಸ್ಪಷ್ಟವಾಗಿ ಕಾಣುತ್ತದೆ, ಗಾಯ ಮುಚ್ಚಲು ಮುಂದೆ ಇಡೀ ಬೆಳವಣಿಗೆಯ ಋತು ಇರುತ್ತದೆ. ಜೂನ್‌ವರೆಗೆ ಕಾಯಲು ಕಾರಣವೇ ಇಲ್ಲ. ಆದರೆ ದಿನಾಂಕ ಗೊತ್ತು ಮಾಡುವಾಗ ಎದುರುಮನೆಯ ಅಕ್ಕ, ಇಲ್ಲಿಯ ಮಾತಿನಲ್ಲಿ ಬೆನ್, ಒಂದು ತಕರಾರು ತಂದಿದ್ದರು. ಗುಜರಾತಿನಲ್ಲಿ ಚೈತ್ರ ಮಾಸದಲ್ಲಿ ಬೇವಿನ ಹೂ ಅರೆದು ರಸ ಕುಡಿಯುತ್ತಾರೆ, ಹೂವಿಗೆ ಮೋರ್ ಅನ್ನುತ್ತಾರೆ. ಅವರ ಮನೆಗೆ ಇಪ್ಪತ್ತು ವರ್ಷದಿಂದ ಮೋರ್ ಹೋಗುತ್ತಿರುವುದು ಈ ಮರದಿಂದ, ನಾನು ಮನೆ ಕೊಳ್ಳುವುದಕ್ಕೂ ಮೊದಲಿಂದ. ರಸ್ತೆ ಕಡೆಯ ತಗ್ಗು ರೆಂಬೆಗೆ ನಾನು ಸುಣ್ಣ ಬಳಿದಿದ್ದನ್ನು ಅವರು ಕಿಟಕಿಯಿಂದ ನೋಡಿದ್ದರಂತೆ. ‘ಭಾಯ್, ಕೈಗೆ ಸಿಗುವುದು ಅದೊಂದೇ’ ಅಂದರು. ಬಕೆಟ್ಟಿನಲ್ಲಿ ನೀರು ತಂದು ಸುಣ್ಣ ಒರೆಸಿದೆ. ಯುಗಾದಿಯ ಬೆಳಿಗ್ಗೆ ನಮ್ಮ ಬೇವು ಬೆಲ್ಲಕ್ಕೆ ಹೂ ಕಿತ್ತದ್ದೂ ಅದೇ ರೆಂಬೆಯಿಂದ.